ಕತ್ತಿ ಹಿಡಿಯಲೊಲ್ಲದ ಭಕ್ತರು: ಓದುಗರ ಪ್ರಶ್ನೆಗಳು, ಅಂಕಣಕಾರರ ಉತ್ತರಗಳು

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ, 1916ರಲ್ಲಿ ಬ್ರಿಟನ್ ಕಡ್ಡಾಯ ಸೈನ್ಯಸೇವೆಯ ಕಾಯಿದೆ ತಂದಾಗ ಆತ್ಮಸಾಕ್ಷಿ ಒಪ್ಪದೆಂದು ಹೇಳಿ ಹಿಂದೆ ಸರಿದವರು ಸುಮಾರು 16,000 ಮಂದಿ ಎಂದೂ, ಅವರಲ್ಲಿ ಅನೇಕರ ಬೆನ್ನಿಗೆ ಶತಮಾನಗಳ ಧಾರ್ಮಿಕ ಪರಂಪರೆಯೊಂದಿತ್ತೆಂದೂ ಎರಡೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಪರಂಪರೆ ಯಾವುದೆಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಆಯ್ದು ಈ ಸಲ ಉತ್ತರಿಸಿದ್ದೇನೆ.

ಪ್ರಶ್ನೆ: ಶಿಲುಬೆಯ ಹೆಸರಿನಲ್ಲಿ ದಂಡಯಾತ್ರೆ ನಡೆಸಿದ ಯೂರೋಪಿನಲ್ಲಿ ಅದೇ ಶಿಲುಬೆಯ ಹೆಸರಿನಲ್ಲಿ ಯುದ್ಧವಿರೋಧಿ ಸಂಘಗಳೂ ಹುಟ್ಟಿದವೆಂದು ಹೇಗೆ ನಂಬುವುದು? ಇಪ್ಪತ್ತು ವರ್ಷಗಳ ಕಾಲ ಫ್ರಾನ್ಸಿನೊಡನೆ ಕಾದಾಡಿ ದಣಿದ ಜನ ಶಾಂತಿ ಬಯಸಿದರು ಎಂದರೆ ಸಾಲದೇ?
— ನಿವೃತ್ತ ಇತಿಹಾಸ ಅಧ್ಯಾಪಕರು, ಸಾಗರ

ಉತ್ತರ: ಸಾಲದು ಎಂದೇ ನನ್ನ ಅಭಿಪ್ರಾಯ, ಮೇಷ್ಟರೇ. ದಣಿವು ಇದ್ದದ್ದು ನಿಜ. ವಾಟರ್ಲೂ ಕದನ ಮುಗಿದದ್ದು 1815ರ ಜೂನ್‌ನಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ, ಡಿಸೆಂಬರ್‌ನಲ್ಲಿ ಒಹಾಯೋ ಮತ್ತು ಮ್ಯಾಸಚೂಸೆಟ್ಸ್‌ಗಳಲ್ಲಿ, ಮರುವರ್ಷ ಜೂನ್ 14ರಂದು ಲಂಡನ್ನಿನಲ್ಲಿ ಶಾಂತಿ ಸಂಘಗಳು ಹುಟ್ಟಿದವು. ಇವು ಒಬ್ಬರಿಗೊಬ್ಬರು ಹೇಳಿಕೊಂಡು ಕಟ್ಟಿದ ಸಂಘಗಳಲ್ಲ. ಆದರೆ ದಣಿವು ದೊರೆಗಳಿಗೂ ಇತ್ತು. ರಷ್ಯಾದ ಚಕ್ರವರ್ತಿ ಅಲೆಕ್ಸಾಂಡರನು ಆಸ್ಟ್ರಿಯಾ ಮತ್ತು ಪ್ರಷ್ಯಾದ ಅರಸರನ್ನು ಕೂಡಿಸಿಕೊಂಡು ಕ್ರಿಸ್ತನ ಹೆಸರಿನಲ್ಲೇ 'ಪವಿತ್ರ ಮೈತ್ರಿ'ಗೆ ಸಹಿ ಹಾಕಿದ್ದು ಕೂಡ ಆ 1815ರ ಸೆಪ್ಟೆಂಬರ್‌ನಲ್ಲೇ. ಅರಸರು ಕತ್ತಿಯನ್ನು ಒರೆಗೆ ಸೇರಿಸಿದರು. ಒರೆಯಿಂದ ಕತ್ತಿಯನ್ನು ಹಿರಿಯುವುದೇ ಪಾಪವೋ ಅಲ್ಲವೋ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳಲಿಲ್ಲ. ಸಂಘ ಕಟ್ಟಿದವರು ಕೇಳಿದ್ದು ಆ ಪ್ರಶ್ನೆಯನ್ನು, ಮತ್ತು ಅದು ದಣಿವಿನಿಂದ ಹುಟ್ಟುವ ಪ್ರಶ್ನೆಯಲ್ಲ.

ಆ ಜನ ಯಾರೆಂದು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ನ್ಯೂಯಾರ್ಕ್ ಸಂಘವನ್ನು ಕಟ್ಟಿದ ಡೇವಿಡ್ ಲೋ ಡಾಜ್ ವ್ಯಾಪಾರಿ, ಪ್ರೆಸ್ಬಿಟೀರಿಯನ್ ಪಂಥದ ನಿಷ್ಠಾವಂತ. ಮ್ಯಾಸಚೂಸೆಟ್ಸ್‌ನ ನೋವಾ ವುಸ್ಟರ್ ಪಾದ್ರಿ; ಹುಡುಗನಾಗಿದ್ದಾಗ 1775ರ ಬಂಕರ್ ಹಿಲ್ ಕದನದಲ್ಲಿ ದಂಡಿನ ಕೊಳಲು ನುಡಿಸಿ, ಹೆಣಗಳನ್ನು ಕಣ್ಣಾರೆ ಕಂಡವನು. ಲಂಡನ್ ಸಂಘ ಹುಟ್ಟಿದ್ದು ವಿಲಿಯಂ ಆಲೆನ್ ಎಂಬ, ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಔಷಧ ತಯಾರಕನ ಮನೆಯಲ್ಲಿ. ಜೊತೆಗಿದ್ದ ಜೋಸೆಫ್ ಟ್ರಿಗೆಲಿಸ್ ಪ್ರೈಸ್ ವೇಲ್ಸ್‌ನ ನೀತ್ ಎಂಬಲ್ಲಿ ಕಬ್ಬಿಣದ ಕಾರ್ಖಾನೆಯ ಒಡೆಯನಾಗಿದ್ದೂ ತೋಪು ಎರಕ ಹೊಯ್ಯಲು ಒಪ್ಪದವನು. ಯುದ್ಧಕಾಲದಲ್ಲಿ ಕಬ್ಬಿಣದ ವ್ಯಾಪಾರಿಗೆ ತೋಪಿಗಿಂತ ಲಾಭದ ಸರಕು ಬೇರಿರಲಿಲ್ಲ ಎಂಬುದನ್ನು ನೆನೆದರೆ ಆ ನಿರಾಕರಣೆಯ ತೂಕ ತಿಳಿಯುತ್ತದೆ. ಕನ್ನಡದಲ್ಲಿ ಔಷಧಿಗೂ ಮದ್ದೆನ್ನುತ್ತೇವೆ, ತೋಪಿಗೆ ತುಂಬುವ ಪುಡಿಗೂ ಮದ್ದೆನ್ನುತ್ತೇವೆ. ಆಲೆನ್ ಮೊದಲನೆಯದನ್ನು ಮಾತ್ರ ಮಾರಿದ ಮನುಷ್ಯ.

ಇನ್ನು ತಮ್ಮ ಪ್ರಶ್ನೆಯ ಮೊದಲ ಭಾಗ. ಕ್ರೈಸ್ತಧರ್ಮದಲ್ಲಿ ಎರಡು ದನಿಗಳು ಮೊದಲಿನಿಂದಲೂ ಇದ್ದವು ಎಂಬುದಕ್ಕೆ, ಈಗಿನ ಅಲ್ಜೀರಿಯಾದ ತೆಬೆಸ್ಸಾದಲ್ಲಿ ಕ್ರಿ.ಶ. 295ರಲ್ಲಿ ನಡೆದ ವಿಚಾರಣೆಯೊಂದು ಸಾಕ್ಷಿ. ಮಾಜಿ ಸೈನಿಕನೊಬ್ಬನ ಮಗ, 21 ವರ್ಷದ ಮ್ಯಾಕ್ಸಿಮಿಲಿಯನ್ ಎಂಬ ಯುವಕನನ್ನು ಸೇನಾ ಭರ್ತಿಗೆ ಕರೆತಂದು ಎತ್ತರ ಅಳೆದರು: ಐದು ಅಡಿ ಹತ್ತು ಅಂಗುಲ. ಕೊರಳಿಗೆ ಸೈನಿಕನ ಸೀಸದ ಮುದ್ರೆ ಹಾಕಬಂದಾಗ ಆತ, ತಾನು ಕ್ರೈಸ್ತ, ಕೆಡುಕು ಮಾಡಲಾರೆ, ಮುದ್ರೆ ಹಾಕಿದರೆ ಒಡೆದುಹಾಕುತ್ತೇನೆ ಎಂದ. ಚಕ್ರವರ್ತಿಯ ಅಂಗರಕ್ಷಕ ಪಡೆಯಲ್ಲೇ ಕ್ರೈಸ್ತರು ಸೇವೆಯಲ್ಲಿದ್ದಾರಲ್ಲ ಎಂದು ಅಧಿಕಾರಿ ಕೇಳಿದ್ದಕ್ಕೆ, ಅವರಿಗೆ ತಕ್ಕದ್ದೇನೆಂದು ಅವರಿಗೆ ಗೊತ್ತು ಎಂಬಷ್ಟೇ ಉತ್ತರ ಬಂತು. ಅಂದೇ ಅವನ ತಲೆ ಉರುಳಿತು. ಅಂದರೆ ಆಗಲೇ ಸೈನಿಕರಾದ ಕ್ರೈಸ್ತರೂ ಇದ್ದರು, ಸೈನಿಕರಾಗಲೊಲ್ಲದ ಕ್ರೈಸ್ತರೂ ಇದ್ದರು. ಮುಂದೆ ರೋಮಿನ ಚಕ್ರವರ್ತಿಗಳೇ ಆ ಧರ್ಮಕ್ಕೆ ಒಲಿದ ಮೇಲೆ, ಸಂತ ಆಗಸ್ಟೀನನಂಥವರು ಯಾವ ಯುದ್ಧ ನ್ಯಾಯವಾದುದು ಎಂಬುದಕ್ಕೆ ನಿಯಮ ಕಟ್ಟಿದರು, ಮತ್ತು ಸಾವಿರ ವರ್ಷಗಳ ಕಾಲ ಕತ್ತಿ ಮುಟ್ಟದಿರುವುದು ಸನ್ಯಾಸಿಗಳ ಪಾಲಿನ ವ್ರತವಾಗಿ ಉಳಿಯಿತು. ಆ ವ್ರತವನ್ನು ಸಂಸಾರಿಗಳು ತಮ್ಮ ಮೇಲೆ ಎಳೆದುಕೊಂಡಾಗಲೇ ನಾವು ಮಾತಾಡುತ್ತಿರುವ ಕತೆ ಆರಂಭವಾಗುವುದು.

ಪ್ರಶ್ನೆ: ಕ್ವೇಕರರು, ಮೆನ್ನೊನೈಟರು ಇಬ್ಬರೂ ಯುದ್ಧ ಮಾಡದ ಪಂಥಗಳೆಂದು ಓದಿದ್ದೇನೆ. ಇವರಿಬ್ಬರೂ ಒಂದೇ ಮೂಲದವರೇ? ಶಾಂತಿ ಸಂಘಗಳಲ್ಲಿ ಕ್ವೇಕರರ ಹೆಸರೇ ಏಕೆ ಹೆಚ್ಚು ಕೇಳಿಬರುತ್ತದೆ?
— ಸ್ನಾತಕೋತ್ತರ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಒಂದೇ ಮೂಲದವರಲ್ಲ. ಇಬ್ಬರ ನಡುವೆ ಒಂದು ಕಡಲೂ ಒಂದು ಶತಮಾನಕ್ಕಿಂತ ಹೆಚ್ಚಿನ ಅಂತರವೂ ಇದೆ.

ಮೆನ್ನೊನೈಟರ ಬೇರು ಇರುವುದು 1525ರಲ್ಲಿ ಜ್ಯೂರಿಚ್‌ನಲ್ಲಿ ಆರಂಭವಾದ ಒಂದು ಚಳವಳಿಯಲ್ಲಿ. ಶಿಶುಗಳಿಗೆ ಕೊಟ್ಟ ದೀಕ್ಷಾಸ್ನಾನ ದೀಕ್ಷೆಯೇ ಅಲ್ಲ, ತಿಳಿವು ಬಂದ ಮೇಲೆ ಮನಸಾರೆ ಪಡೆದದ್ದು ಮಾತ್ರ ದೀಕ್ಷೆ ಎಂಬುದು ಅವರ ನಿಲುವಾಗಿದ್ದರಿಂದ, ಎರಡನೆಯ ಬಾರಿ ಸ್ನಾನ ಮಾಡುವವರು ಎಂಬರ್ಥದಲ್ಲಿ ಅವರನ್ನು ಅನಾಬ್ಯಾಪ್ಟಿಸ್ಟರು ಎಂದು ಕರೆದರು. 1527ರಲ್ಲಿ ಶ್ಲೈಟ್‌ಹೈಮ್ ಎಂಬ ಊರಿನಲ್ಲಿ ಕೂಡಿ ಅವರು ಏಳು ಅಂಶಗಳ ಒಡಂಬಡಿಕೆ ಮಾಡಿಕೊಂಡರು. ಆರನೆಯ ಅಂಶ ಕತ್ತಿಯ ಕುರಿತಾದುದು: ಕತ್ತಿಯೂ ದೇವರು ನೇಮಿಸಿದ್ದೇ, ಆದರೆ ಕ್ರಿಸ್ತನ ಪರಿಪೂರ್ಣತೆಯ ಹೊರಗೆ. ರಾಜನು ಕತ್ತಿ ಹಿಡಿದು ದುಷ್ಟರನ್ನು ಶಿಕ್ಷಿಸುವುದನ್ನು ಅವರು ಅಲ್ಲಗಳೆಯಲಿಲ್ಲ. ಕ್ರಿಸ್ತನ ದಾರಿ ಹಿಡಿದವನು ಮಾತ್ರ ರಾಜನೂ ಆಗಲಾರ, ಭಟನೂ ಆಗಲಾರ ಎಂದರು. ಅದನ್ನು ಬಹುಮಟ್ಟಿಗೆ ಬರೆದ ಮೈಕೆಲ್ ಸಾಟ್ಲರ್ ಎಂಬ ಮಾಜಿ ಸನ್ಯಾಸಿಯನ್ನು ಕೆಲವೇ ತಿಂಗಳುಗಳಲ್ಲಿ ಹಿಡಿದು ವಿಚಾರಣೆಗೆ ನಿಲ್ಲಿಸಲಾಯಿತು. ಆಟೊಮನ್ ತುರ್ಕರು ಹಿಂದಿನ ವರ್ಷವಷ್ಟೇ ಹಂಗೇರಿಯ ಸೇನೆಯನ್ನು ಮೊಹಾಚ್‌ನಲ್ಲಿ ಧೂಳೀಪಟ ಮಾಡಿದ್ದರು. ಅಂಥ ಹೊತ್ತಿನಲ್ಲಿ ತುರ್ಕರನ್ನು ಕತ್ತಿಯಿಂದ ಎದುರಿಸಬಾರದು ಎಂದು ಬೋಧಿಸಿದನೆಂಬುದೂ ಅವನ ಮೇಲಿನ ಆರೋಪಗಳಲ್ಲಿ ಒಂದು. ಸಾಟ್ಲರ್ ಅದನ್ನು ನಿರಾಕರಿಸಲಿಲ್ಲ. ಒಂದು ವೇಳೆ ಯುದ್ಧ ಮಾಡುವುದೇ ಸರಿಯೆಂದಾಗಿದ್ದರೆ, ತಾನು ತುರ್ಕರ ಮೇಲಲ್ಲ, ಸಜ್ಜನರನ್ನು ಹಿಂಸಿಸುವ ಹೆಸರಿಗಷ್ಟೇ ಕ್ರೈಸ್ತರಾದವರ ಮೇಲೇ ದಂಡೆತ್ತುತ್ತಿದ್ದೆ ಎಂದು ನ್ಯಾಯಾಧೀಶರ ಮುಖಕ್ಕೇ ಹೇಳಿದ. ನಾಲಗೆ ಕತ್ತರಿಸಿ, ಸುಟ್ಟು ಕೊಂದರು.

ಈ ಪಂಥದವರೆಲ್ಲ ಒಂದೇ ಮಾತಿನವರಾಗಿದ್ದರು ಎಂದುಕೊಳ್ಳಬೇಡಿ. ಮೊರೇವಿಯಾದ ನಿಕೋಲ್ಸ್‌ಬರ್ಗ್‌ನಲ್ಲಿ ಆತ್ಮರಕ್ಷಣೆಗೆ ಕತ್ತಿ ಸಲ್ಲುತ್ತದೆ ಎಂದವರನ್ನು 'ಕತ್ತಿಯವರು' ಎಂದೂ, ಸಲ್ಲದು ಎಂದವರನ್ನು 'ಕೋಲಿನವರು' ಎಂದೂ ಜನ ಕರೆಯುವಷ್ಟು ಒಡಕಿತ್ತು. 1534ರಲ್ಲಿ ಮ್ಯೂನ್‌ಸ್ಟರ್ ನಗರವನ್ನು ವಶಪಡಿಸಿಕೊಂಡ ಇದೇ ಪಂಥದ ಒಂದು ಗುಂಪು ಅಲ್ಲಿ ದೇವರ ರಾಜ್ಯವನ್ನು ಕತ್ತಿಯಿಂದಲೇ ಸ್ಥಾಪಿಸಹೊರಟು ಮರುವರ್ಷ ರಕ್ತದಲ್ಲಿ ಮುಳುಗಿತು. ಆ ಅನಾಹುತದ ನಂತರ ಚದುರಿಹೋದವರನ್ನು ಒಟ್ಟುಗೂಡಿಸಿ, ಕತ್ತಿಯ ಮಾತನ್ನು ಸಂಪೂರ್ಣವಾಗಿ ಕೈಬಿಡಿಸಿದವನು 1536ರಲ್ಲಿ ಕ್ಯಾಥೊಲಿಕ್ ಪಾದ್ರಿತನ ತೊರೆದು ಬಂದ ಮೆನ್ನೊ ಸೈಮನ್ಸ್. ಪಂಥಕ್ಕೆ ಅವನ ಹೆಸರೇ ನಿಂತಿತು. ಹಾಲೆಂಡಿನ ಡಿರ್ಕ್ ವಿಲೆಮ್ಸ್‌ನ ಕತೆಯನ್ನು ಮೆನ್ನೊನೈಟರ ಮನೆಗಳಲ್ಲಿ ಮಕ್ಕಳಿಗೆ ಇಂದಿಗೂ ಹೇಳುತ್ತಾರೆ: 1569ರಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದ ಅವನು, ಬೆನ್ನಟ್ಟಿ ಬಂದವನ ಕಾಲಡಿಯ ಮಂಜು ಕುಸಿದು ಮುಳುಗುತ್ತಿದ್ದುದನ್ನು ಕಂಡು, ತಿರುಗಿ ಬಂದು ಕೈಕೊಟ್ಟು ಎಳೆದು ಉಳಿಸಿದ. ಜೀವ ಉಳಿದವನು ಅವನನ್ನು ಬಿಟ್ಟುಬಿಡಲು ಬಯಸಿದರೂ ದಡದಲ್ಲಿದ್ದ ಅಧಿಕಾರಿ ಬಿಡಗೊಡಲಿಲ್ಲ. ಮೇ 16ರಂದು ವಿಲೆಮ್ಸ್‌ನನ್ನು ಸುಟ್ಟರು.

ಕ್ವೇಕರರು ಹುಟ್ಟಿದ್ದು ಇಂಗ್ಲೆಂಡಿನ ಅಂತರ್ಯುದ್ಧದ ನಡುವಿನಿಂದ, 1650ರ ಆಸುಪಾಸು. ಅವರ ಗುರು ಜಾರ್ಜ್ ಫಾಕ್ಸ್ ಡರ್ಬಿಯಲ್ಲಿ ಸೆರೆಯಲ್ಲಿದ್ದಾಗ, 1651ರಲ್ಲಿ, ಸೇನೆಯಲ್ಲಿ ಕ್ಯಾಪ್ಟನ್ ಪದವಿ ಒಪ್ಪಿಕೊಂಡರೆ ಬಿಡುಗಡೆ ಎಂಬ ಆಮಿಷ ಬಂತು. ಯುದ್ಧದ ಕಾರಣವನ್ನೇ ಇಲ್ಲವಾಗಿಸುವ ಬಾಳಿನಲ್ಲಿ ತಾನಿದ್ದೇನೆ ಎಂದು ಹೇಳಿ ಸೆರೆಯಲ್ಲೇ ಉಳಿದ. ಆದರೆ ಅವನ ಮೊದಲ ಅನುಯಾಯಿಗಳಲ್ಲಿ ಆ ಅಂತರ್ಯುದ್ಧದಲ್ಲಿ ದೊರೆಯ ವಿರುದ್ಧ ಕಾದಾಡಿದ ಕ್ರಾಮ್‌ವೆಲ್‌ನ ದಂಡಿನವರೂ ಇದ್ದರು. ಇಡೀ ಪಂಥದ ಪರವಾಗಿ ಸ್ಪಷ್ಟ ಘೋಷಣೆ ಬಂದದ್ದು 1661ರ ಜನವರಿಯಲ್ಲಿ, ಲಂಡನ್ನಿನಲ್ಲಿ ಬೇರೊಂದು ಪಂಥ ಎಬ್ಬಿಸಿದ ದಂಗೆಗಾಗಿ ಸಾವಿರಾರು ಕ್ವೇಕರರನ್ನು ಸೆರೆಮನೆಗೆ ತುಂಬಿದಾಗ. ಯಾವ ಉದ್ದೇಶಕ್ಕಾಗಿಯೂ, ಯಾವ ನೆಪದಲ್ಲಿಯೂ ಆಯುಧ ಹಿಡಿದು ಹೋರಾಡುವುದನ್ನು ತಾವು ಸಂಪೂರ್ಣವಾಗಿ ನಿರಾಕರಿಸುತ್ತೇವೆ ಎಂದು ಹನ್ನೆರಡು ಮಂದಿ ಸಹಿ ಹಾಕಿ ಎರಡನೆಯ ಚಾರ್ಲ್ಸ್ ದೊರೆಗೆ ಒಪ್ಪಿಸಿದರು. ತಲೆ ಉಳಿಸಿಕೊಳ್ಳುವ ಲೆಕ್ಕಾಚಾರವೂ ಅದರಲ್ಲಿ ಇತ್ತು ಎಂದರೆ ಅನ್ಯಾಯವಾಗದು. ಆದರೆ ತಲೆ ಉಳಿದ ಮೇಲೂ ಆ ಮಾತಿನಿಂದ ಪಂಥ ಹಿಂದೆ ಸರಿಯಲಿಲ್ಲ.

ಈಗ ತಮ್ಮ ಎರಡನೆಯ ಪ್ರಶ್ನೆ. ಮೆನ್ನೊನೈಟರಿಗೆ ಈ ಲೋಕ ಬಿಟ್ಟು ನಿಲ್ಲಬೇಕಾದ ಸ್ಥಳ. ದೊರೆ ಸೈನಿಕರನ್ನು ಕೇಳಿದಾಗ ಗಂಟುಮೂಟೆ ಕಟ್ಟಿ ಬೇರೆ ದೊರೆಯ ನೆಲ ಹುಡುಕುವುದು ಅವರ ರೀತಿ. ಹೀಗೆ ಪ್ರಷ್ಯಾದಿಂದ 1789ರ ಹೊತ್ತಿಗೆ ರಷ್ಯಾಕ್ಕೆ ಹೋದರು. 1874ರಲ್ಲಿ ರಷ್ಯಾ ಕಡ್ಡಾಯ ಸೈನ್ಯಸೇವೆ ತಂದಾಗ ಅಲ್ಲಿಂದಲೂ ಸುಮಾರು 18,000 ಮಂದಿ ಅಮೆರಿಕ ಮತ್ತು ಕೆನಡಾದ ಬಯಲುಗಳಿಗೆ ಹೊರಟರು. ಕ್ವೇಕರರಿಗಾದರೋ ಈ ಲೋಕ ತಿದ್ದಬೇಕಾದ ಸ್ಥಳ. ಅವರು ಊರು ಬಿಡದೆ ಪಾರ್ಲಿಮೆಂಟಿನ ಬಾಗಿಲು ಬಡಿದರು, ಕರಪತ್ರ ಅಚ್ಚು ಹಾಕಿಸಿದರು, ಅನ್ಯಪಂಥದವರನ್ನೂ ಕೂಡಿಸಿಕೊಂಡು ಸಂಘ ಕಟ್ಟಿದರು. ಶಾಂತಿಯ ವ್ರತ ಎರಡೂ ಕಡೆ ಇತ್ತು. ಶಾಂತಿಯ ಚಳವಳಿ ಹುಟ್ಟಬಹುದಾಗಿದ್ದುದು ಎರಡನೆಯ ಕಡೆ ಮಾತ್ರ. ಅಂದ ಹಾಗೆ, 'ಕ್ವೇಕರ್' ಎಂದರೆ ನಡುಗುವವನು. ದೇವರ ವಾಕ್ಯದ ಮುಂದೆ ನಡುಗು ಎಂದು ಫಾಕ್ಸ್ ಹೇಳಿದ್ದಕ್ಕೆ ನ್ಯಾಯಾಧೀಶನೊಬ್ಬ ಇಟ್ಟ ಅಡ್ಡಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು 'ಗೆಳೆಯರು' ಎಂದು.

ಪ್ರಶ್ನೆ: ತಾನು ಕತ್ತಿ ಹಿಡಿಯುವುದಿಲ್ಲ ಎನ್ನುವುದು ಸುಲಭ. ಆದರೆ ಯುದ್ಧಕ್ಕೆ ಹೋಗುವ ತೆರಿಗೆಯನ್ನು ಕಟ್ಟುತ್ತಲೇ ಇದ್ದರೆ ಕೈ ತೊಳೆದುಕೊಂಡಂತಾಯಿತೇ?
— ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಈ ಪ್ರಶ್ನೆ ಅವರ ನಿದ್ದೆಯನ್ನೂ ಕೆಡಿಸಿತ್ತು. ಅದು ತೀರಾ ಬಿಕ್ಕಟ್ಟಾದದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಏಕೆಂದರೆ ಅಲ್ಲಿ ಕ್ವೇಕರರೇ ಆಳುವವರಾಗಿದ್ದರು. 1681ರಲ್ಲಿ ವಿಲಿಯಂ ಪೆನ್ ದೊರೆಯಿಂದ ಸನ್ನದು ಪಡೆದು ಸ್ಥಾಪಿಸಿದ ಆ ವಸಾಹತಿನ ಶಾಸನಸಭೆಯಲ್ಲಿ ಮುಕ್ಕಾಲು ಶತಮಾನ ಅವರದೇ ಮೇಲುಗೈ. ಇಂಗ್ಲೆಂಡಿನ ಸರ್ಕಾರ ಯುದ್ಧಕ್ಕೆ ಹಣ ಕೇಳಿದಾಗಲೆಲ್ಲ ಅವರು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ, 'ದೊರೆಯ ಉಪಯೋಗಕ್ಕಾಗಿ' ಎಂದು ಬರೆದು ಹಣ ಮಂಜೂರು ಮಾಡುತ್ತಿದ್ದರು. ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಇದನ್ನು ತಮಾಷೆಯಾಗಿ ಹೇಳುತ್ತಾನೆ: ನ್ಯೂ ಇಂಗ್ಲೆಂಡಿನ ಪಡೆಗಳಿಗೆ ಮದ್ದಿನಪುಡಿ ಬೇಕಾದಾಗ, ಮದ್ದಿಗೆ ಹಣ ಕೊಡಲಾರದ ಸಭೆ 'ರೊಟ್ಟಿ, ಹಿಟ್ಟು, ಗೋಧಿ ಅಥವಾ ಇತರ ಕಾಳು' ಕೊಳ್ಳಲೆಂದು ಹಣ ಕೊಟ್ಟಿತಂತೆ. ಮದ್ದಿನಪುಡಿಯೂ ಕಾಳು ಕಾಳಾಗಿಯೇ ಇರುವುದರಿಂದ, ಆ 'ಇತರ ಕಾಳು' ಯಾವುದೆಂದು ಗವರ್ನರನಿಗೆ ಚೆನ್ನಾಗಿ ಅರ್ಥವಾಯಿತು. ಸಭೆಯವರು ಆಕ್ಷೇಪಣೆ ಎತ್ತಲಿಲ್ಲ.

ಇಂಥ ಜಾಣತನ ಎಷ್ಟು ದಿನ ನಡೆದೀತು? 1755ರಲ್ಲಿ ಗಡಿಯಲ್ಲಿ ಫ್ರೆಂಚರ ಜೊತೆಗಾರರಾದ ಮೂಲನಿವಾಸಿಗಳ ದಾಳಿ ಆರಂಭವಾಗಿ ನೇರ ಯುದ್ಧತೆರಿಗೆಯೇ ಬಂತು. ಆ ಡಿಸೆಂಬರ್‌ನಲ್ಲಿ ಜಾನ್ ವುಲ್ಮನ್ ಮೊದಲಾದ 21 ಮಂದಿ ತಮ್ಮವರಿಗೆ ಪತ್ರ ಬರೆದು, ಈ ತೆರಿಗೆಯನ್ನು ತಾವು ಕೊಡಲಾರೆವು, ಬದಲಿಗೆ ಬರುವ ಕಷ್ಟವನ್ನು ಅನುಭವಿಸುತ್ತೇವೆ ಎಂದರು. 1756ರ ವಸಂತದಲ್ಲಿ ಗವರ್ನರನು ಡೆಲಾವೇರ್ ಎಂಬ ಮೂಲನಿವಾಸಿ ಜನರ ಮೇಲೆ ಯುದ್ಧ ಸಾರಿದಾಗ ಆರು ಕ್ವೇಕರ್ ಸದಸ್ಯರು ಶಾಸನಸಭೆಯನ್ನೇ ಬಿಟ್ಟುಹೋದರು. ಅಧಿಕಾರವೋ ವ್ರತವೋ ಎಂಬಲ್ಲಿ ವ್ರತವನ್ನು ಆರಿಸಿಕೊಂಡ ನಿದರ್ಶನ ರಾಜಕೀಯದಲ್ಲಿ ಹೆಚ್ಚಿಗೆ ಸಿಗುವುದಿಲ್ಲ. ಆದರೆ ಉಳಿದ ಕ್ವೇಕರರೆಲ್ಲ ತೆರಿಗೆ ನಿಲ್ಲಿಸಲಿಲ್ಲ. ಬಹಳ ಮಂದಿ ಕಟ್ಟಿದರು. ಮೆನ್ನೊನೈಟರಂತೂ ಸಾಮಾನ್ಯವಾಗಿ ತೆರಿಗೆಯನ್ನು ದೊರೆಯ ಪಾಲೆಂದು ಕೊಟ್ಟುಬಿಡುತ್ತಿದ್ದರು, ಅವರ ದಾಯಾದಿಗಳಾದ ಹಟರೈಟರು ಮಾತ್ರ ಯುದ್ಧತೆರಿಗೆಯನ್ನು ರಕ್ತದ ಹಣವೆಂದು ನಿರಾಕರಿಸಿದರು.

ವುಲ್ಮನ್ ವೃತ್ತಿಯಿಂದ ದರ್ಜಿ. 1758ರಲ್ಲಿ ಮೌಂಟ್ ಹಾಲಿಯ ಅವನ ಮನೆಯಲ್ಲಿ ಇಬ್ಬರು ಸೈನಿಕರನ್ನು ಉಳಿಸಿಕೊಳ್ಳಬೇಕು, ತಲೆಗೆ ವಾರಕ್ಕೆ ಆರು ಷಿಲಿಂಗ್ ಕೊಡುತ್ತೇವೆ ಎಂದು ಅಧಿಕಾರಿ ಬಂದ. ವುಲ್ಮನ್ ಬಹಳ ಹೊತ್ತು ಸುಮ್ಮನಿದ್ದ. ಬಂದವನನ್ನು ಬೀದಿಗೆ ತಳ್ಳುವುದು ಸರಿಯಲ್ಲ, ಆದರೆ ಅವನ ಅನ್ನಕ್ಕೆ ಯುದ್ಧದ ಖಜಾನೆಯಿಂದ ಹಣ ಪಡೆಯುವುದೂ ಸರಿಯಲ್ಲ ಎಂದು ತೋರಿ, ಬಂದ ಒಬ್ಬ ಸೈನಿಕನಿಗೆ ಊಟ ವಸತಿ ಕೊಟ್ಟು, ಕೊನೆಗೆ ಹಣ ಕೊಡಬಂದಾಗ ಬೇಡವೆಂದ. ವ್ಯಾಪಾರಿಗಳಾದ ತಮಗೆ ಈ ಲೆಕ್ಕ ನಷ್ಟದ್ದೆಂದು ಕಾಣಬಹುದು; ತಮ್ಮ ಪ್ರಶ್ನೆಗೆ ನನಗೆ ತಿಳಿದ ಅತ್ಯಂತ ಪ್ರಾಮಾಣಿಕ ಉತ್ತರ ಅದೇ.

ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದುದು ಜಪ್ತಿ. ನಾಗರಿಕ ಪಡೆಗೆ ಚೀಟಿ ಎತ್ತಿ ಹೆಸರು ಬಂದವನು ತಾನೂ ಹೋಗದೆ, ತನ್ನ ಬದಲಿಗೆ ಆಳನ್ನೂ ಗೊತ್ತುಮಾಡದೆ ನಿಂತರೆ, ಅಮೀನರು ಬಂದು ಮನೆಯ ಸಾಮಾನು, ದನಕರು, ದವಸವನ್ನು ಎತ್ತಿಕೊಂಡು ಹೋಗಿ ಆ ಹಣದಲ್ಲಿ ಬದಲಿ ಆಳನ್ನು ನೇಮಿಸುತ್ತಿದ್ದರು. ಕ್ವೇಕರರು ಪ್ರತಿಯೊಂದನ್ನೂ, ಏನು ಹೋಯಿತು, ಅದರ ಬೆಲೆ ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಈ ಲೆಕ್ಕ ನೋಡಿಕೊಳ್ಳುವುದಕ್ಕೆಂದೇ ಲಂಡನ್ನಿನಲ್ಲಿ 1670ರ ದಶಕದಿಂದ ಅವರದೊಂದು ಸಭೆ ಇತ್ತು. ಅದರ ಹೆಸರೇ 'ಕಷ್ಟಗಳ ಸಭೆ'. ಶಾಂತಿ ಸಂಘಗಳು ಹುಟ್ಟುವ ಒಂದು ಶತಮಾನ ಮೊದಲೇ, ವ್ರತದ ಬೆಲೆಯನ್ನು ಪೌಂಡು ಷಿಲಿಂಗುಗಳಲ್ಲಿ ತೆತ್ತು ರೂಢಿಯಾದ ಜನ ಇವರು.

ಪ್ರಶ್ನೆ: ಶತ್ರು ಮನೆಬಾಗಿಲಿಗೇ ಬಂದಾಗ ಏನು ಮಾಡಬೇಕು? ಆತ್ಮರಕ್ಷಣೆಯ ಯುದ್ಧವನ್ನೂ ಇವರು ಪಾಪವೆಂದರೇ?
— ಓದುಗರೊಬ್ಬರು, ಮೈಸೂರು

ಉತ್ತರ: ಎಲ್ಲ ಸಂಘಗಳನ್ನೂ ಒಳಗಿನಿಂದ ಸೀಳಿದ ಪ್ರಶ್ನೆ ಇದು. ಮೊದಲೇ ಹೇಳಿದ ಡಾಜ್‌ನಿಗೆ ಉತ್ತರ ಹೊಳೆದದ್ದು ಪ್ರವಾಸದ ಒಂದು ರಾತ್ರಿಯಲ್ಲಿ. ಹಣ ಹೊತ್ತು ತಿರುಗುವ ವ್ಯಾಪಾರಿಯಾದ್ದರಿಂದ ಕಳ್ಳರ ಭಯಕ್ಕೆ ಪಿಸ್ತೂಲು ಇಟ್ಟುಕೊಳ್ಳುತ್ತಿದ್ದ. 1805ರಲ್ಲಿ ಪ್ರಾವಿಡೆನ್ಸ್‌ನ ವಸತಿಗೃಹವೊಂದರಲ್ಲಿ ಮಲಗಿದ್ದಾಗ ಯಾರೋ ಬಾಗಿಲು ತೆರೆಯುವ ಸದ್ದಾಗಿ, ಪಿಸ್ತೂಲು ಎತ್ತಿ ಗುಂಡು ಹಾರಿಸುವುದರಲ್ಲಿದ್ದ. ಬಂದವನು ಕೋಣೆ ತಪ್ಪಿ ಬಂದ ವಸತಿಗೃಹದ ಯಜಮಾನ. ಆತ್ಮರಕ್ಷಣೆಯ ಹೆಸರಿನಲ್ಲಿ ಒಬ್ಬ ನಿರಪರಾಧಿಯನ್ನು ಕೊಲ್ಲುವವನಿದ್ದೆನಲ್ಲ ಎಂಬ ಅಂಜಿಕೆ ಅವನನ್ನು ಬಿಡಲಿಲ್ಲ. ಪಿಸ್ತೂಲು ಬಿಟ್ಟ, ಬೈಬಲ್ಲು ತಿರುವಿಹಾಕಿದ, ಎಲ್ಲ ಯುದ್ಧವೂ, ರಕ್ಷಣೆಯದೂ ಕೂಡ, ಕ್ರಿಸ್ತನ ಮಾತಿಗೆ ವಿರುದ್ಧ ಎಂಬ ನಿರ್ಣಯಕ್ಕೆ ಬಂದ. ವುಸ್ಟರನ ಸಂಘ ಇಷ್ಟು ಕಟ್ಟುನಿಟ್ಟಾಗಿರದೆ ಎರಡೂ ಅಭಿಪ್ರಾಯದವರನ್ನು ಸೇರಿಸಿಕೊಂಡಿತು. ಲಂಡನ್ ಸಂಘದ ಉಪಾಯ ಇನ್ನೂ ನಾಜೂಕಿನದು: ಸಾಮಾನ್ಯ ಸದಸ್ಯ ಯಾರು ಬೇಕಾದರೂ ಆಗಬಹುದು, ಆದರೆ ಸಂಘವನ್ನು ನಡೆಸುವ ಸಮಿತಿಯಲ್ಲಿ ಕೂರುವವನು ಯಾವ ಯುದ್ಧವನ್ನೂ ಒಪ್ಪದವನೇ ಆಗಿರಬೇಕು.

ಈ ವಿಚಾರದಲ್ಲಿ ನಮ್ಮ ನಾಡಿನವರಿಗೆ ಚಾವುಂಡರಾಯನ ನೆನಪಾಗದಿರದು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಜೈನಭಕ್ತನೇ ಗಂಗರ ದಂಡನಾಯಕ, 'ಸಮರಪರಶುರಾಮ'. ಜೈನ ಆಚಾರ್ಯರು ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನೂ, ಎದುರು ಬಿದ್ದವನನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯನ್ನೂ ಬೇರೆ ಮಾಡಿ, ಗೃಹಸ್ಥನು ಮೊದಲನೆಯದನ್ನು ಬಿಡಲೇಬೇಕು ಎಂದರು. ಎರಡನೆಯದನ್ನೂ ಬಿಡುವುದು ಮುನಿಯ ಮಹಾವ್ರತ. ಡಾಜ್ ಮತ್ತು ಕ್ವೇಕರರು ಕೇಳಿದ್ದು ಆ ಮಹಾವ್ರತವನ್ನು ಅಂಗಡಿ ನಡೆಸುವ ಗೃಹಸ್ಥನಿಂದ.

ಕೇಳಿದ್ದನ್ನು ಕೊಡಲಾಗಲಿಲ್ಲ ಎಂಬುದಕ್ಕೆ ಅಮೆರಿಕದ ಅಂತರ್ಯುದ್ಧವೇ ಸಾಕ್ಷಿ. ಗುಲಾಮಗಿರಿಯ ಕಡುವೈರಿ ವಿಲಿಯಂ ಲಾಯ್ಡ್ ಗ್ಯಾರಿಸನ್, 1838ರಲ್ಲಿ ಅಪ್ರತಿಕಾರ ಸಂಘವನ್ನು ಕಟ್ಟಿ, ಕತ್ತಿಯ ಬಲದಿಂದ ನಡೆಯುವ ಸರ್ಕಾರದಲ್ಲಿ ಹುದ್ದೆಯೂ ಬೇಡ, ಮತವೂ ಬೇಡ ಎನ್ನುವಷ್ಟು ದೂರ ಹೋದವನು. 1861ರಲ್ಲಿ ಗುಲಾಮಗಿರಿಯನ್ನು ಮುಗಿಸಬಲ್ಲ ಯುದ್ಧವೇ ಎದುರಿಗೆ ಬಂದಾಗ ಅವನು ಉತ್ತರದ ರಾಜ್ಯಗಳವರ ಗೆಲುವನ್ನು ಬಯಸಿದ. ಅವನ ಹಿರಿಯ ಮಗನೇ ಕಪ್ಪು ಸೈನಿಕರ ಪಡೆಯೊಂದರಲ್ಲಿ ಅಧಿಕಾರಿಯಾಗಿ ಹೋದ, ತಂದೆ ನೊಂದರೂ ತಡೆಯಲಿಲ್ಲ. ಅಮೆರಿಕನ್ ಶಾಂತಿ ಸಂಘವಾದರೋ, ಇದು ಯುದ್ಧವೇ ಅಲ್ಲ, ದಂಗೆಯನ್ನು ಅಡಗಿಸುವ ಪೊಲೀಸು ಕೆಲಸ ಎಂದು ಸಮಜಾಯಿಷಿ ಕೊಟ್ಟಿತು. ಗ್ಯಾರಿಸನ್ನನ ಸಂಕಟವನ್ನು ಗೌರವಿಸಬಲ್ಲೆ; ಈ ಸಮಜಾಯಿಷಿ ಮಾತ್ರ ಪೆನ್ಸಿಲ್ವೇನಿಯಾದ 'ಇತರ ಕಾಳಿ'ಗೆ ಸರಿಜೋಡಿ.

ಪ್ರಶ್ನೆ: ಇಷ್ಟೆಲ್ಲ ಮಾಡಿ ಇವರು ಒಂದಾದರೂ ಯುದ್ಧವನ್ನು ನಿಲ್ಲಿಸಿದರೇ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ನಾನು ವಿವರಿಸುತ್ತಿರುವ ಕಾಲದಲ್ಲಿ ಇಲ್ಲ. ಪ್ರಯತ್ನದ ಒಂದು ಕತೆ ಹೇಳುತ್ತೇನೆ. ಬರ್ಮಿಂಗ್‌ಹ್ಯಾಮ್‌ನ ಜೋಸೆಫ್ ಸ್ಟರ್ಜ್ ದವಸದ ವ್ಯಾಪಾರಿ, ಕ್ವೇಕರ್. ಹೆಂಡ ತಯಾರಿಕೆಗೆ ಹೋಗುವ ಬಾರ್ಲಿಯನ್ನು ಮಾರುವುದನ್ನೂ ನಿಲ್ಲಿಸಿದ್ದವನು. 1854ರ ಜನವರಿಯಲ್ಲಿ, ಬ್ರಿಟನ್ ಮತ್ತು ರಷ್ಯಾ ನಡುವೆ ಯುದ್ಧ ಇನ್ನೇನು ಬಂತು ಎಂಬಾಗ, ಇಬ್ಬರು ಜೊತೆಗಾರರೊಡನೆ ಹೊರಟು, ನಡುಚಳಿಗಾಲದ ಹಿಮದ ಮೇಲೆ ಜಾರುಬಂಡಿಯಲ್ಲಿ ಸಾಗಿ ಸೇಂಟ್ ಪೀಟರ್ಸ್‌ಬರ್ಗ್ ತಲುಪಿದ. ಫೆಬ್ರವರಿ 10ರಂದು ಚಕ್ರವರ್ತಿ ಒಂದನೆಯ ನಿಕೊಲಾಸ್ ಅವರನ್ನು ಬರಮಾಡಿಕೊಂಡು, ಅವರ ಮನವಿಯನ್ನು ಸಮಾಧಾನದಿಂದ ಕೇಳಿ, ಯುದ್ಧ ತನಗೂ ಬೇಡ, ಆದರೆ ದೇಶದ ಮಾನವನ್ನು ಮರೆಯಲಾರೆ ಎಂಬರ್ಥದ ಉತ್ತರ ಕೊಟ್ಟ. ಮಾರ್ಚ್ 28ರಂದು ಬ್ರಿಟನ್ ಯುದ್ಧ ಸಾರಿತು. ಊರಿಗೆ ಮರಳಿದವರಿಗೆ ಪತ್ರಿಕೆಗಳಿಂದ ಸಿಕ್ಕಿದ್ದು ಗೇಲಿ.

ಮರುವರ್ಷ ಫೆಬ್ರವರಿಯಲ್ಲಿ ಇನ್ನೊಬ್ಬ ಕ್ವೇಕರ್ ಜಾನ್ ಬ್ರೈಟ್ ಪಾರ್ಲಿಮೆಂಟಿನಲ್ಲಿ ಎದ್ದುನಿಂತು, ಸಾವಿನ ದೂತ ನಾಡಿನ ತುಂಬ ಸಂಚರಿಸುತ್ತಿದ್ದಾನೆ, ಅವನ ರೆಕ್ಕೆಗಳ ಬಡಿತ ಕಿವಿಗೆ ಕೇಳಿಸುವಂತಿದೆ ಎಂದಾಗ ಸಭೆ ಉಸಿರುಗಟ್ಟಿ ಕೇಳಿತು. 1857ರ ಚುನಾವಣೆಯಲ್ಲಿ ಮ್ಯಾಂಚೆಸ್ಟರ್‌ನ ಮತದಾರರು ಅವನನ್ನು ಸೋಲಿಸಿದರು.

ಆದರೂ ಎರಡು ಕೆಲಸಗಳನ್ನು ಜಮೆಯ ಬದಿಗೆ ಬರೆಯಬೇಕು. ಯುದ್ಧ ಮುಗಿದು 1856ರಲ್ಲಿ ಪ್ಯಾರಿಸ್‌ನಲ್ಲಿ ಸಂಧಾನ ನಡೆಯುವಾಗ, ಸ್ಟರ್ಜ್ ಮತ್ತು ಲಂಡನ್ ಸಂಘದ ಕಾರ್ಯದರ್ಶಿಯಾಗಿದ್ದ ಪಾದ್ರಿ ಹೆನ್ರಿ ರಿಚರ್ಡ್ ಅಲ್ಲಿಗೂ ಹೋಗಿ ಮಂತ್ರಿಗಳ ಬೆನ್ನು ಬಿದ್ದರು. ಶಸ್ತ್ರ ಹಿಡಿಯುವ ಮೊದಲು ಮಿತ್ರರಾಷ್ಟ್ರವೊಂದರ ಮಧ್ಯಸ್ಥಿಕೆ ಕೋರುವುದು ಒಳಿತೆಂಬ ಆಶಯ ಸಂಧಾನದ 23ನೆಯ ನಡಾವಳಿಯಲ್ಲಿ ಸೇರಿತು. ಕಟ್ಟುಪಾಡಿಲ್ಲದ ಬರಿಯ ಆಶಯ, ನಿಜ. ಆದರೆ ದೊಡ್ಡ ರಾಷ್ಟ್ರಗಳು ಕೂಡಿ ಅಂಥ ಮಾತಿಗೆ ತಲೆದೂಗಿದ್ದು ಅದೇ ಮೊದಲು. ಅದೇ ವರ್ಷ ಸ್ಟರ್ಜ್ ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಫಿನ್ಲೆಂಡಿಗೆ ಹೋಗಿ, ತನ್ನದೇ ದೇಶದ ನೌಕಾಪಡೆ ಸುಟ್ಟುಹಾಕಿದ್ದ ಕರಾವಳಿಯ ಊರುಗಳನ್ನು ನೋಡಿ ಬಂದು, ಅಲ್ಲಿನ ಬಡವರಿಗಾಗಿ ಚಂದಾ ಎತ್ತಿಸಿದ. ಗೆದ್ದ ಪಕ್ಷದವನು ಸೋತವರ ಮನೆಗೆ ಹೋಗಿ ನಷ್ಟದ ಲೆಕ್ಕ ಬರೆದುಕೊಂಡ ಈ ಪದ್ಧತಿಯೇ ಮುಂದೆ ಕ್ವೇಕರರ ಪರಿಹಾರ ಕಾರ್ಯವಾಗಿ ಬೆಳೆದು, 1947ರಲ್ಲಿ ಅವರ ಬ್ರಿಟಿಷ್ ಮತ್ತು ಅಮೆರಿಕನ್ ಸಂಸ್ಥೆಗಳೆರಡಕ್ಕೂ ನೊಬೆಲ್ ಶಾಂತಿ ಪ್ರಶಸ್ತಿಯನ್ನು ತಂದಿತು.

ಪ್ರಶ್ನೆ: ಗಾಂಧೀಜಿಯವರಿಗೂ ಈ ಪರಂಪರೆಗೂ ಸಂಬಂಧವಿದೆಯೇ?
— ಗ್ರಂಥಪಾಲಕರು, ಧಾರವಾಡ

ಉತ್ತರ: ನೇರವಾಗಿಯೇ ಇದೆ, ಮಧ್ಯದಲ್ಲಿ ಟಾಲ್‌ಸ್ಟಾಯ್ ಇದ್ದಾರೆ. ಗ್ಯಾರಿಸನ್ನನ 1838ರ ಘೋಷಣೆಯನ್ನೂ, ಅವನ ಜೊತೆಗಾರ ಆಡಿನ್ ಬಲೂ ಎಂಬ ಪಾದ್ರಿಯ ಬರಹಗಳನ್ನೂ ಓದಿ, ಬಲೂವಿನೊಡನೆ ಪತ್ರವ್ಯವಹಾರ ನಡೆಸಿ, ಕ್ವೇಕರರು ಕಳಿಸಿದ ಪುಸ್ತಕಗಳನ್ನು ತಿರುವಿಹಾಕಿ ಟಾಲ್‌ಸ್ಟಾಯ್ ಬರೆದ 'ದೇವರ ರಾಜ್ಯ ನಿನ್ನೊಳಗೇ ಇದೆ' ಎಂಬ ಪುಸ್ತಕ 1894ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದ ಯುವಕ ಗಾಂಧಿಯ ಕೈಸೇರಿತು. ಮರುವರ್ಷ ರಷ್ಯಾದ ಡುಖೊಬೋರ್ ಎಂಬ ರೈತಪಂಥದವರು ಕಾಕಸಸ್ ಪ್ರಾಂತದಲ್ಲಿ ತಮ್ಮಲ್ಲಿದ್ದ ಕೋವಿ ಕತ್ತಿಗಳನ್ನೆಲ್ಲ ಒಟ್ಟಿ ಸುಟ್ಟು, ಸರ್ಕಾರದ ಕುದುರೆ ದಂಡಿನವರಾದ ಕೊಸಾಕರ ಚಾಟಿಯೇಟು ತಿಂದರು. 1899ರಲ್ಲಿ ಸುಮಾರು 7,500 ಮಂದಿ ಕೆನಡಾಕ್ಕೆ ಹಡಗು ಹತ್ತಿದಾಗ, ಟಾಲ್‌ಸ್ಟಾಯ್ ತಮ್ಮ ಕಾದಂಬರಿಯೊಂದರ ಸಂಭಾವನೆಯನ್ನು ಅವರ ಪ್ರಯಾಣಕ್ಕೆ ಕೊಟ್ಟರು, ಕ್ವೇಕರರೂ ಹಣ ಕೂಡಿಸಿದರು.

ಆದರೆ ಮೈಸೂರಿನ ಓದುಗರ ಪ್ರಶ್ನೆ ಗಾಂಧಿಯವರನ್ನೂ ಬಿಡಲಿಲ್ಲ. 1918ರಲ್ಲಿ ಅವರು ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಬ್ರಿಟಿಷ್ ಸೇನೆಗೆ ಜನರನ್ನು ಸೇರಿಸಲು ಹಳ್ಳಿ ಹಳ್ಳಿ ತಿರುಗಿದರು. ಅಹಿಂಸೆಯ ವ್ರತ ಹಿಡಿದವರು ನಮಗೆ ಆಯುಧ ಹಿಡಿಯಲು ಹೇಗೆ ಹೇಳುತ್ತೀರಿ ಎಂದು ಅಲ್ಲಿನ ರೈತರು ಕೇಳಿದ್ದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಕೆಲವೇ ತಿಂಗಳ ಹಿಂದೆ ಸತ್ಯಾಗ್ರಹದ ವೇಳೆಯಲ್ಲಿ ಬಾಡಿಗೆ ಕೇಳದೆ ಗಾಡಿ ಕೊಟ್ಟಿದ್ದ ಅದೇ ಜನ ಈಗ ಬಾಡಿಗೆಗೂ ಗಾಡಿ ಕೊಡಲಿಲ್ಲ. ಬುತ್ತಿ ಕಟ್ಟಿಕೊಂಡು ದಿನಕ್ಕೆ ಇಪ್ಪತ್ತು ಮೈಲಿ ನಡೆಯಬೇಕಾಯಿತು.